ನಾನು ಕಾಣದ ದ್ವೀಪದ ಕಂಬಗಳು

ಹಳೆಯ ಗುಡಿಗಳನ್ನು ಅಳೆದು ನಕ್ಷೆ ತೆಗೆಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಹಾನಗಲ್ಲಿನ ನಮ್ಮ ಮನೆಗೆ ಬರುತ್ತಾರೆ. ಟೇಪು ಹೇಗೆ ಹಿಡಿಯಬೇಕು, ಮಸಿ ಎಷ್ಟು ತೆಳುವಿರಬೇಕು ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳಿ ಕಳಿಸುತ್ತೇನೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ. ಅಳೆಯುವವನಿಗೆ ಹೊಟ್ಟೆಕಿಚ್ಚಿದ್ದರೆ ಅಳತೆ ಕೆಡುತ್ತದೆ. ನನ್ನದು ಕೆಟ್ಟಿತ್ತು. ಹೇಗೆ ಕೆಟ್ಟಿತು ಎಂಬುದನ್ನು ಈಗ ಬರೆದಿಡುತ್ತಿದ್ದೇನೆ.

ನಾನು ಇಲಾಖೆಗೆ ಸೇರಿದ್ದು ಎರಡನೆಯ ಮಹಾಯುದ್ಧಕ್ಕೆ ಏಳೆಂಟು ವರ್ಷ ಮೊದಲು. ಕಚೇರಿ ಧಾರವಾಡದಲ್ಲಿ, ತಿರುಗಾಟ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ. ಮೇಲಧಿಕಾರಿ ಇನಾಮದಾರ ಸಾಹೇಬರು. ಹರೆಯದಲ್ಲಿ ವಿಲಾಯತಿಗೆ ಹೋಗಿ ಓದಿ ಬಂದವರು, ಗ್ರೀಕರ, ರೋಮನ್ನರ ಹಾಳು ಕಟ್ಟಡಗಳನ್ನು ಕಣ್ಣಾರೆ ಕಂಡವರು. ಮೊದಲ ದಿನ ನನ್ನನ್ನು ತಿಳವಳ್ಳಿಯ ಹಳೆಯ ಗುಡಿಯ ಮುಂದೆ ನಿಲ್ಲಿಸಿ, ಕೈಯಲ್ಲಿದ್ದ ಟೇಪು ಕಸಿದುಕೊಂಡು, "ಮಧ್ಯಾಹ್ನದ ತನಕ ಬರೇ ನೋಡ್ರಿ. ಆಮ್ಯಾಲ ಅಳೀರಿ" ಎಂದು ಹೇಳಿ ಹೋದರು. ನಾನು ಅರ್ಧ ತಾಸು ನೋಡಿ, ಉಳಿದ ಹೊತ್ತು ಕಟ್ಟೆಯ ಮೇಲೆ ಕುಳಿತು ಚುರುಮುರಿ ತಿಂದೆ. ನನಗೆ ನನ್ನ ಕೈಯ ಮೇಲೆ ಅಷ್ಟು ಭರವಸೆ. ನನ್ನಷ್ಟು ಸಣ್ಣ, ನೆಟ್ಟಗಿನ ಗೆರೆ ಎಳೆಯುವವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ.

ಎರಡು ವರ್ಷದ ಮೇಲೆ ಫಕ್ಕೀರಪ್ಪ ಬಂದ. ಸವಣೂರು ತಾಲೂಕಿನ ಯಲವಿಗಿಯವನು, ಒಕ್ಕಲುತನದ ಮನೆಯವನು. ನನಗಿಂತ ಮೂರು ವರ್ಷ ಚಿಕ್ಕವನು. ನನ್ನನ್ನು ಶಿವಲಿಂಗಣ್ಣ ಎಂದೇ ಕರೆಯುತ್ತಿದ್ದ. ಅವನ ಗೆರೆ ದಪ್ಪ, ಕಾಗದದ ತುಂಬ ಬೆರಳಿನ ಗುರುತು. ಅವನ ಕಚ್ಚಾ ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಮಸಿಯಲ್ಲಿ ಚೆಂದಾಗಿ ಎತ್ತಿಕೊಡುವುದು ನನ್ನ ಪಾಲಿಗೆ ಬಂತು. ನಾನು ಅದನ್ನು ಸಂತೋಷದಿಂದ ಮಾಡುತ್ತಿದ್ದೆ. ನನಗಿಂತ ಕಡಿಮೆ ಎನಿಸಿದವನಿಗೆ ಉಪಕಾರ ಮಾಡುವುದು ಎಷ್ಟು ಹಿತವೆಂದು ಆಗ ತಿಳಿಯಿತು.

ಆ ಹಿತ ಬಂಕಾಪುರದಲ್ಲಿ ಮುಗಿಯಿತು. ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯೊಳಗಿನ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಬಿಸಿಲು ಕಡು ಇತ್ತು. ಎದುರಿನ ಸಾಲುಗಳನ್ನು ಅಳೆದು, ಒಳಗಿನವನ್ನು ಕಣ್ಣಂದಾಜಿನಲ್ಲಿ ಕೂಡಿಸಿ, ಹೆಸರಿಗೆ ಸರಿಯಾಗಿ ಅರವತ್ತು ಕಂಬ ಬರುವಂತೆ ನಕ್ಷೆ ಮುಗಿಸಿದೆ. ನೋಡಲು ಬಹಳ ಸುಂದರ ನಕ್ಷೆ. ಇನಾಮದಾರ ಸಾಹೇಬರು ಅದನ್ನು ಹಿಡಿದುಕೊಂಡೇ ಗುಡಿಯೊಳಗೆ ಬಂದು, ಫಕ್ಕೀರಪ್ಪನ ಕಡೆ ತಿರುಗಿ, "ನೀವೊಮ್ಮೆ ಎಣಿಸ್ರಿ" ಎಂದರು. ಅವನು ಒಂದೊಂದೇ ಕಂಬ ಮುಟ್ಟುತ್ತ ಹೋಗಿ ಬಂದ. ನನ್ನ ಮುಖ ನೋಡಿ ತಡವರಿಸಿದ. ಆಮೇಲೆ ಹೇಳಿದ: "ಇನ್ನೂ ಆರು ಹೆಚ್ಚಿಗಿ ಅದಾವ್ರಿ, ಸಾಹೇಬ್ರ."

ಸಾಹೇಬರು ನನಗೆ ಬೈಯಲಿಲ್ಲ. ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡರು. ಅಂದಿನಿಂದ ಹೊಸ ಗುಡಿಗೆ ಹೋದಾಗಲೆಲ್ಲ ಮೊದಲು ಫಕ್ಕೀರಪ್ಪನನ್ನೇ ಕೇಳುತ್ತಿದ್ದರು, "ಏನು ಕಾಣಸ್ತದ?" ಎಂದು. ಅವನು ಯಾವ ಕಲ್ಲು ಬೇರೆ ಗುಡಿಯಿಂದ ತಂದಿಟ್ಟದ್ದು, ಯಾವ ಬಾಗಿಲು ಆಮೇಲೆ ಒಡೆದದ್ದು ಎಂದು ಹೇಳುತ್ತಿದ್ದ. ಮುಕ್ಕಾಲುಪಾಲು ಸರಿ ಇರುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಪೆನ್ಸಿಲ್ ಹೆರೆಯುತ್ತಿದ್ದೆ.

ಯುದ್ಧ ಅರ್ಧ ದಾಟಿದಾಗ ಒಂದು ದಿನ ಸಾಹೇಬರು ಇಬ್ಬರನ್ನೂ ಕರೆದರು. ಇಟಲಿಯ ಕೆಳಗಿನ ಸಿಸಿಲಿಯಲ್ಲಿ ಒಂದು ದ್ವೀಪದ ಊರಿದೆ, ನೆಲಕ್ಕೂ ಅದಕ್ಕೂ ಸೇತುವೆಯಷ್ಟೇ ನಂಟು. ಅಲ್ಲಿ ಗ್ರೀಕರ ಕಾಲದ ಗುಡಿಗಳಿವೆ, ರೋಮನ್ನರ ಕಾಲದ ಕಾಳಗದ ಕಣವಿದೆ. ಬಾಂಬು ಬಿದ್ದ ಊರು, ಏನು ಉಳಿದಿದೆ ಎಂದು ಅಳೆಯಲು ಪಲ್ಟನ್ನಿನವರಿಗೆ ಒಬ್ಬ ನಕ್ಷೆಗಾರ ಬೇಕು. ಒಬ್ಬನೇ.

ಸಾಹೇಬರ ಕೋಣೆಯ ಗೋಡೆಯಲ್ಲಿ ಆ ದೇಶದ ಕಂಬಗಳ ಚಿತ್ರವೊಂದಿತ್ತು. ಹತ್ತು ವರ್ಷ ನಾನು ಅದನ್ನು ನೋಡುತ್ತ ಬಂದಿದ್ದೆ. ಸಾಹೇಬರು ಇಲ್ಲದಾಗ ಅದರ ಪ್ರತಿಯನ್ನೂ ಎತ್ತಿಕೊಂಡಿದ್ದೆ. ನನ್ನನ್ನು ಬಿಟ್ಟು ಯಾರನ್ನು ಕಳಿಸಿಯಾರು?

"ಫಕ್ಕೀರಪ್ಪ ಹೋಗಲಿ" ಎಂದರು ಸಾಹೇಬರು.

ನನ್ನ ಬಾಯಿ ತಡೆಯಲಿಲ್ಲ. "ಸಾಹೇಬ್ರ, ಅವನ ಗೆರಿ ನೋಡೀರಲ್ರಿ?"

"ನೋಡೇನಿ. ಗೆರಿ ಇಲ್ಲೆ ಕುಂತು ನೀವು ಛಂದ ಮಾಡ್ತೀರಿ. ಅಲ್ಲೆ ಕಣ್ಣು ಬೇಕಾಗೇದ."

ಹೊರಗೆ ಬಂದ ಮೇಲೆ ಫಕ್ಕೀರಪ್ಪ ನನ್ನ ತೋಳು ಹಿಡಿದ. "ಶಿವಲಿಂಗಣ್ಣ, ನಿನಗ ಭಾಳ ಆಶಾ ಇತ್ತು, ನನಗ ಗೊತ್ತೈತಿ. ನೀ ಬ್ಯಾಡಂದ್ರ ನಾ ಹೋಗೂದಿಲ್ಲ. ಖರೇನ ಹೇಳಾಕತ್ತೇನಿ."

ಬೇಡವೆನ್ನಬಹುದಾಗಿತ್ತು. ಅವನು ನಿಜವಾಗಿಯೂ ಉಳಿಯುತ್ತಿದ್ದ. ಆದರೆ ಅವನು ಬಿಟ್ಟುಕೊಟ್ಟ ಜಾಗಕ್ಕೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. "ಹೋಗಿ ಬಾ. ನನಗೇನ ಆಗಬೇಕಾಗೇತಿ?" ಎಂದು ನಕ್ಕೆ. ಯಲವಿಗಿ ಸ್ಟೇಶನ್ನಿಗೆ ಹೋಗಿ ಬೀಳ್ಕೊಟ್ಟೆ. ಅವನ ಅವ್ವ ಬುತ್ತಿ ಕಟ್ಟಿಕೊಂಡು ಬಂದು ಅಳುತ್ತಿದ್ದಳು. ನನ್ನ ಕಣ್ಣೂ ಒದ್ದೆಯಾಯಿತು. ನನ್ನ ಕಣ್ಣೀರಿನ ಕಾರಣ ಬೇರೆ ಇತ್ತೆಂದು ಅಲ್ಲಿದ್ದವರಿಗೆ ಗೊತ್ತಾಗಲಿಲ್ಲ.

ನಾಲ್ಕೈದು ತಿಂಗಳ ಮೇಲೆ ಕಾಗದಗಳು ಬರತೊಡಗಿದವು. ಊರಿನ ಹೆಸರು ಬಂದಲ್ಲೆಲ್ಲ ಸೆನ್ಸಾರಿನವರು ಕತ್ತರಿ ಆಡಿಸಿರುತ್ತಿದ್ದರು. ಆ ತೂತುಗಳ ನಡುವೆ ಫಕ್ಕೀರಪ್ಪ ಮಾತಾಡಿದ ಹಾಗೆಯೇ ಬರೆಯುತ್ತಿದ್ದ.

"ಅಣ್ಣಾ, ಇಲ್ಲಿ ಒಂದ ದೊಡ್ಡ ಚರ್ಚ್ ಐತಿ. ಹೊರಗಿನ ಗ್ವಾಡಿ ನೋಡಿದ್ರ ಗ್ವಾಡ್ಯಾಗ ಕಂಬ ಹುಗದಾವು. ಮದಲ ಅದು ಗ್ರೀಕರ ದೇವಿ ಗುಡಿ. ಆಮ್ಯಾಲಿನ ಮಂದಿ ಕಂಬದ ನಡುವಿನ ಸಂದಿಗೆ ಕಲ್ಲ ತುಂಬಿ ಗ್ವಾಡಿ ಮಾಡ್ಯಾರ. ಒಳಗ ಪ್ರಾರ್ಥನಿ ನಡದಿರತೈತಿ, ನಾ ಕಂಬಕ್ಕ ಟೇಪ ಸುತ್ತತಿರತೇನಿ. ಒಬ್ಬಾಕಿ ಮುದುಕಿ ದಿನಾ ಬಂದು ಟೇಪಿನ ಆ ತುದಿ ಹಿಡೀತಾಳ. ಆಕಿ ಮಾತು ನನಗ ತಿಳಿಯೂದಿಲ್ಲ, ನನ್ನ ಮಾತು ಆಕಿಗೆ ತಿಳಿಯೂದಿಲ್ಲ."

ಇನ್ನೊಂದರಲ್ಲಿ: "ಕಡಲಿನ ದಂಡ್ಯಾಗ, ಉಪ್ಪುನೀರಿಗೆ ನಾಕ ಮಾರು ದೂರದಾಗ, ಒಂದು ಸಿಹಿನೀರಿನ ಬುಗ್ಗಿ ಐತಿ. ಅದರಾಗ ಜೇಕಿನಂಥಾ ಹುಲ್ಲು ಬೆಳದೈತಿ. ಸೇತುವಿ ದಾಟಿ ಹೋದ್ರ ರೋಮನ್ನರು ಕಟ್ಟಿದ್ದು, ತತ್ತಿ ಆಕಾರದ್ದು, ನಡುವ ಬಯಲು. ಅಲ್ಲಿ ಮನಶ್ಯಾರನ್ನ, ಪ್ರಾಣಿಗಳನ್ನ ಕಾದಾಡಾಕ ಬಿಡತಿದ್ರಂತ. ಕುಂತು ನೋಡೋ ಮಂದಿಗೆ ಕಟ್ಟಿ ಮ್ಯಾಲ ಕಟ್ಟಿ. ನಾ ಆ ಬಯಲಿನಾಗ ಒಬ್ಬನ ನಿಂತೆ, ಮೈ ಜುಮ್ಮಂತು. ನೀ ಇರಬೇಕಿತ್ತು."

'ನೀ ಇರಬೇಕಿತ್ತು' ಎಂಬ ಮಾತು ಪ್ರತಿ ಕಾಗದದಲ್ಲೂ ಇರುತ್ತಿತ್ತು. ಅವನು ಪ್ರೀತಿಯಿಂದ ಬರೆದದ್ದು ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ನನ್ನ ಹೆಂಡತಿ ನೀಲವ್ವ ಒಂದು ದಿನ ತಾಟಿನಲ್ಲಿ ರೊಟ್ಟಿ ಹಾಗೇ ಉಳಿದದ್ದು ನೋಡಿ ಕೇಳಿದಳು: "ಫಕ್ಕೀರಪ್ಪನ ಕಾಗದ ಬಂತೇನ್ರಿ?"

"ನಿನಗ ಹ್ಯಾಂಗ ಗೊತ್ತು?"

"ಅವನ ಕಾಗದ ಬಂದ ದಿವಸ ನೀವು ಎರಡನೇ ರೊಟ್ಟಿ ಮುಟ್ಟೂದಿಲ್ಲ."

ಕಾಗದಗಳ ಹಿಂದೆ ಕಚ್ಚಾ ನಕ್ಷೆಗಳು ತಗಡಿನ ಕೊಳವೆಗಳಲ್ಲಿ ಬಂದವು. ಅವನ್ನು ಮಸಿಯಲ್ಲಿ ಎತ್ತುವವನು ನಾನೇ. ಹೀಗಾಗಿ ಆ ದ್ವೀಪದ ಊರನ್ನು ನಾನೂ ಸುತ್ತಿದೆ, ನಿಬ್ಬಿನ ತುದಿಯಲ್ಲಿ. ನಮ್ಮ ಹಾನಗಲ್ಲಿನ ತಾರಕೇಶ್ವರ ಗುಡಿಯ ಕಂಬಗಳು ತಿರುಗಣಿಗೆ ಕೊಟ್ಟು ಕಡೆದಂತೆ ನುಣ್ಣಗೆ ಹೊಳೆಯುವಂಥವು. ಅಲ್ಲಿನವಕ್ಕೆ ಕಾಲಡಿ ಪೀಠವೇ ಇಲ್ಲ. ನೆಲದಿಂದಲೇ ಎದ್ದು, ಮೈಯುದ್ದಕ್ಕೂ ಸಣ್ಣ ಕಾಲುವೆ ತೋಡಿದಂತೆ ಗೀರುಗಳು. ಒಂದೊಂದು ಕಂಬಕ್ಕೆ ಇಪ್ಪತ್ತು ಗೀರು. ನಾನು ಒಂದೊಂದನ್ನೂ ಉಸಿರು ಹಿಡಿದು ಎಳೆದೆ. ಎಳೆಯುವಾಗ ಅವು ನನ್ನವು ಅನಿಸುತ್ತಿತ್ತು. ಮುಗಿಸಿ, ಕೆಳಗೆ 'ಅಳೆದವರು: ಫಕ್ಕೀರಪ್ಪ' ಎಂದು ಬರೆಯುವಾಗ ಕೈ ಬಿಗಿಯುತ್ತಿತ್ತು.

ಆ ಚರ್ಚಿನ ಕಂಬಸಾಲಿನ ಹಾಳೆ ಬಂದಾಗ ಇನಾಮದಾರ ಸಾಹೇಬರು ಕಚೇರಿಯಲ್ಲಿರಲಿಲ್ಲ. ಚಳಿಜ್ವರ ಹತ್ತಿ ರಜೆ ಹಾಕಿದ್ದರು. ಅವರ ಬದಲಿಗೆ ಬಂದ ಅಧಿಕಾರಿಗೆ ನಮ್ಮ ಕೆಲಸದ ಗಂಧವಿರಲಿಲ್ಲ. ಮುಂದಿಟ್ಟ ಕಾಗದಕ್ಕೆ ಸಹಿ ಮಾಡಿ ಕಳಿಸಿಬಿಡುವ ಮನುಷ್ಯ.

ಹಾಳೆಯಲ್ಲಿ ಫಕ್ಕೀರಪ್ಪ ಕಂಬದಿಂದ ಕಂಬಕ್ಕೆ ಅಂತರ ಬರೆದಿದ್ದ. ನಡುವಿನ ಅಂತರಗಳೆಲ್ಲ ಒಂದೇ. ಮೂಲೆಯ ಕಂಬದ ಹತ್ತಿರ ಬಂದಾಗ ಮಾತ್ರ ಅಂತರ ಉಳಿದವಕ್ಕಿಂತ ಒಂದು ಗೇಣು ಕಿರಿದು. ಇಷ್ಟು ದೊಡ್ಡ ಗುಡಿ ಕಟ್ಟಿದವರು ಕಂಬ ಸಮನಾಗಿ ನಿಲ್ಲಿಸಲಾರರೇ? ಅವನೇ ತಪ್ಪಿದ್ದಾನೆ! ನನಗೆ ಆದದ್ದು ಸಂತೋಷವೆಂದೇ ಹೇಳಬೇಕು. ಬಂಕಾಪುರದ ಆ ಆರು ಕಂಬಗಳ ಭಾರ ಅಂದು ನನ್ನ ತಲೆಯಿಂದ ಇಳಿಯಿತು.

ಈಗ ಮುಚ್ಚಿಡದೆ ಹೇಳುತ್ತೇನೆ. ಸಾಲಿನ ಇನ್ನೊಂದು ತುದಿಯನ್ನೂ ನೋಡಿದೆ. ಅಲ್ಲೂ ಅಷ್ಟೇ ಕಿರಿದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡು ತುದಿಗಳಲ್ಲಿ ಒಂದೇ ಪ್ರಮಾಣದ ತಪ್ಪು ಯಾರೂ ಮಾಡುವುದಿಲ್ಲ. ಅದು ಕಟ್ಟಿದವರೇ ಬೇಕೆಂದು ಮಾಡಿದ್ದಿರಬೇಕು. ಇದು ನನಗೆ ಹೊಳೆಯಿತು. ಹೊಳೆದ ಮೇಲೂ ಕೆಂಪು ಮಸಿಯ ದೌತಿ ತೆಗೆದು ಹಾಳೆಗೆ ಒಂದು ಚೀಟಿ ಲಗತ್ತಿಸಿದೆ: ಮೂಲೆಗಳಲ್ಲಿ ಟೇಪಿನ ತುದಿ ತಪ್ಪಾಗಿ ಹಿಡಿದಂತಿದೆ, ಇವರ ಅಳತೆಗಳನ್ನು ನಂಬುವಂತಿಲ್ಲ. ಕೆಳಗೆ ನನ್ನ ಸಹಿ.

ಬದಲಿ ಅಧಿಕಾರಿ ಚೀಟಿ ಓದಿ, "ಬರೋಬ್ಬರಿ ನೋಡಿ ಬರದೀರೇನ್ರಿ?" ಎಂದು ಕೇಳಿದರು. "ಹೌದ್ರಿ" ಎಂದೆ. ಅದು ಪಲ್ಟನ್ನಿನ ಕಡೆಗೆ ಹೋಯಿತು.

ಆಮೇಲೆ ಬಹಳ ದಿನ ಕಾಗದ ಬರಲಿಲ್ಲ. ಕೊಳವೆಗಳೂ ನಿಂತವು. ನನಗೆ ಮೊದಮೊದಲು ಹಗುರಾಯಿತು. ಎರಡನೆಯ ರೊಟ್ಟಿಯನ್ನೂ ಉಂಡೆ.

ಇನಾಮದಾರ ಸಾಹೇಬರು ಗುಣವಾಗಿ ಬಂದು ಕಡತ ತೆರೆದದ್ದು ಮಳೆಗಾಲದ ಒಂದು ಬೆಳಿಗ್ಗೆ. ನನ್ನನ್ನು ಕರೆಸಿ, ಕೂಡಲು ಹೇಳಿ, ಗೋಡೆಯ ಮೇಲಿನ ಆ ಕಂಬಗಳ ಚಿತ್ರವನ್ನು ಮೊಳೆಯಿಂದ ತೆಗೆದು ನನ್ನ ಮುಂದಿಟ್ಟರು.

"ಮೂಲಿ ಕಂಬದ ಹತ್ರದ ಅಂತರ ನೋಡ್ರಿ."

ನೋಡಿದೆ. ಕಿರಿದಾಗಿತ್ತು. ಹತ್ತು ವರ್ಷ ನೋಡಿದ, ಕದ್ದು ಪ್ರತಿ ಮಾಡಿಕೊಂಡ ಚಿತ್ರದಲ್ಲೇ ಕಿರಿದಾಗಿತ್ತು.

"ಅವರು ಬೇಕಂತನ ಹಂಗ ಮಾಡ್ತಿದ್ರು" ಎಂದರು ಸಾಹೇಬರು. "ಮ್ಯಾಲಿನ ತೊಲಿಯ ಕೆತ್ತನಿ ಮೂಲ್ಯಾಗ ಸರಿಯಾಗಿ ಕೂಡಬೇಕಂದ್ರ ಕಂಬ ಒಳಗ ಸರೀಬೇಕಾಗ್ತದ. ಫಕ್ಕೀರಪ್ಪಗ ಇದನ್ನ ಯಾರೂ ಕಲಿಸಿರಲಿಲ್ಲ. ಆದರೂ ಕಂಡದ್ದನ್ನ ಕಂಡಂಗ ಬರದಾನ. ನೀವು ಯಾಕ ಹಿಂಗ ಬರದ್ರಿ?"

"ತಿಳೀಲಿಲ್ರಿ" ಎಂದೆ.

ಸಾಹೇಬರು ನನ್ನ ಮುಖವನ್ನೇ ನೋಡಿದರು. "ತಿಳೀಲಿಲ್ಲ ಅಂತ ಬರೀರಿ ಹಂಗಾದ್ರ. ನಂಬಬ್ಯಾಡ್ರಿ ಅಂತ ಬರೀಬ್ಯಾಡ್ರಿ."

ಅವರು ಅಂದೇ ಪಲ್ಟನ್ನಿಗೆ ಪತ್ರ ಬರೆದರು. ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ನನ್ನ ಚೀಟಿ ತಲುಪಿದ ಮೇಲೆ ಫಕ್ಕೀರಪ್ಪನನ್ನು ಹಳೆಯ ಕಟ್ಟಡಗಳ ಕೆಲಸದಿಂದ ತೆಗೆದು ರಸ್ತೆ ಅಳೆಯುವ ತುಕಡಿಗೆ ಹಾಕಿದ್ದರು. ದ್ವೀಪ ಬಿಟ್ಟು ಇಟಲಿಯೊಳಗೆ ಹೋಗಿದ್ದ. ಅಲ್ಲಿ ರಸ್ತೆಯಲ್ಲಿ ಹೂತಿಟ್ಟ ಸಿಡಿಗುಂಡೊಂದು ಸಿಡಿದು, ಆಸ್ಪತ್ರೆ ಸೇರಿದ್ದ.

ಆ ಉತ್ತರವನ್ನು ಓದಿಕೊಂಡು ಕಚೇರಿಯ ಹಿಂದಿನ ಬೇವಿನ ಗಿಡದ ಬುಡದಲ್ಲಿ ಕುಳಿತವನು ಸಂಜೆಯ ತನಕ ಏಳಲಿಲ್ಲ. ಅವನು ಸತ್ತರೆ ಎಂದು ಯೋಚಿಸಿದೆ. ಅಷ್ಟರಲ್ಲೇ ಇನ್ನೊಂದು ಯೋಚನೆ ಬಂತು: ಸತ್ತರೆ ಚೀಟಿಯ ಸಂಗತಿ ಅವನಿಗೆ ಗೊತ್ತಾಗುವುದೇ ಇಲ್ಲ. ಇಂಥ ಯೋಚನೆ ಬಂದ ತಲೆ ನನ್ನದೇ ಎಂದು ನನಗೆ ಹೆದರಿಕೆಯಾಯಿತು.

ಅವನು ಸಾಯಲಿಲ್ಲ. ಯುದ್ಧ ಮುಗಿದ ಮೇಲೆ ಕೆಲಸಕ್ಕೆ ಮರಳಿದ. ತೆಳ್ಳಗಾಗಿದ್ದ, ಎಡಗಿವಿ ಪೂರ್ತಿ ಕಿವುಡಾಗಿತ್ತು. ಚೀಟಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಕಚೇರಿಯಲ್ಲಿ ಎಲ್ಲರೂ ಅವನ ಸುತ್ತ ಕೂಡಿ ದ್ವೀಪದ ಕಥೆ ಕೇಳುತ್ತಿದ್ದರು. ನಾನು ದೂರ ಕುಳಿತು ಕೇಳುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆಗಲೂ ನನಗೆ ಅಸೂಯೆಯಿತ್ತು. ಒಂದು ಗಳಿಗೆ ಆ ಕೆಟ್ಟ ಕಿವಿಯ ಮೇಲೂ ಅಸೂಯೆಪಟ್ಟೆ. ಅದು ಅಲ್ಲಿಂದ ತಂದದ್ದಲ್ಲವೇ?

ಮರುವರ್ಷ ಇಬ್ಬರನ್ನೂ ಹಿರೇಕೆರೂರು ತಾಲೂಕಿನ ರಟ್ಟೀಹಳ್ಳಿಗೆ ಕಳಿಸಿದರು. ಹಂಸಭಾವಿಯ ತನಕ ಬಸ್ಸು, ಮುಂದೆ ಚಕ್ಕಡಿ. ಅಲ್ಲಿಯ ಕದಂಬೇಶ್ವರ ಗುಡಿಗೆ ಮೂರು ಗರ್ಭಗುಡಿ. ಅಳೆಯಲು ಎಂಟು ದಿನವಾದರೂ ಬೇಕು. ಆಗ ನಮ್ಮ ಕಚೇರಿಗೂ ಕ್ಯಾಮೆರಾ ಬಂದಿತ್ತು. ಮೇಲಿನವರಿಗೆ ನಮ್ಮ ಟೇಪಿಗಿಂತ ಅದರ ಮೇಲೆ ನಂಬಿಕೆ ಹೆಚ್ಚಾಗತೊಡಗಿತ್ತು. ಒಟ್ಟಿಗೆ ಅಳೆಯುವ ಕೆಲಸ ಇನ್ನೆಷ್ಟು ದಿನವೋ ಎನಿಸಿ, ಎರಡನೆಯ ದಿನ ಬೆಳಿಗ್ಗೆ ನಾನು ಗಟ್ಟಿ ಮನಸ್ಸು ಮಾಡಿದೆ. ಅವನು ಮಂಟಪದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕಂಬದ ಬುಡ ಅಳೆಯುತ್ತಿದ್ದ. ನಾನು ಪಕ್ಕದಲ್ಲಿ ಟೇಪು ಹಿಡಿದಿದ್ದೆ.

"ಫಕ್ಕೀರಪ್ಪ, ಆ ಚೀಟಿ ಬರದಾಂವ ನಾನು. ನಿನ್ನ ಅಳತಿ ಸರಿ ಐತಿ ಅಂತ ಗೊತ್ತಿದ್ದ ಬರದ್ನಿ. ಹೊಟ್ಟಿಕಿಚ್ಚಿಗೆ ಬರದ್ನಿ."

ಅವನು ತಲೆ ಎತ್ತಲಿಲ್ಲ. ಅಳತೆ ಬರೆದುಕೊಂಡು ಮುಂದಿನ ಕಂಬಕ್ಕೆ ಹೋದ. ಕ್ಷಮಿಸಿದನೋ, ಮಾತೇ ಬೇಡವೆಂದನೋ? ಎರಡು ಕಂಬ ದಾಟಿದ ಮೇಲೆ ತಿಳಿಯಿತು, ನಾನು ನಿಂತದ್ದು ಅವನ ಎಡಕ್ಕೆ. ಅವನಿಗೆ ಒಂದಕ್ಷರವೂ ಕೇಳಿರಲಿಲ್ಲ.

ಸುಮ್ಮನಾಗಿಬಿಡಲೇ ಎನಿಸಿತು. ಹೇಳಿದ್ದಂತೂ ಆಯಿತು. ಅಷ್ಟರಲ್ಲಿ ಅವನೇ ನನ್ನ ಮುಖ ಕಂಡು, "ಏನರ ಅಂದೇನಣ್ಣ? ಈ ಕಡೆ ಬಂದ ಹೇಳು" ಎಂದ. ಬಲಕ್ಕೆ ಹೋದೆ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಪೂರ್ತಿ ಹೇಳಿದೆ.

ಅವನು ಟೇಪನ್ನು ನಿಧಾನವಾಗಿ ಸುತ್ತಿದ. "ನನ್ನ ತುಕಡಿ ಸಾಹೇಬ ಆ ಚೀಟಿ ನನ್ನ ಕೈಯಾಗ ಕೊಟ್ಟಿದ್ದ. ನಿನ್ನ ಅಕ್ಷರ ನನಗ ಗೊತ್ತಾಗೂದಿಲ್ಲೇನು? ಆದ್ರ ನಿನಗ ತಪ್ಪು ಕಂಡಿರಬೇಕು, ಹಂಗಂತ ಬರದಿರಬೇಕು ಅನಕೊಂಡಿದ್ನಿ. ಇಷ್ಟ ವರ್ಷ ಹಂಗ ಅನಕೊಂಡಿದ್ನಿ." ನನ್ನ ಕಡೆ ತಿರುಗಿದ. "ಗೊತ್ತಿದ್ದ ಬರದ್ಯಾ?"

"ಹೌದು."

"ಟೇಪ ಹಿಡಿಯೂ ಆ ಮುದುಕಿಗೆ ಹೋಗಿಬರ್ತೇನಿ ಅಂತ ಹೇಳಾಕ ಸೈತ ಬಿಡಲಿಲ್ಲ ನನ್ನ. ಅವತ್ತ ಮುಂಜಾನೆದ್ದು ಲಾರಿ ಹತ್ತಿಸಿದ್ರು." ಎದ್ದು ಗುಡಿಯ ಹೊರಗೆ ಹೋದ.

ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಕೆಲಸ ನಡೆಯಿತು, ಅಳತೆಯ ಅಂಕಿ ಬಿಟ್ಟರೆ ಇನ್ನೊಂದು ಮಾತಿಲ್ಲ. ನಾವು ಇಳಿದುಕೊಂಡಿದ್ದ ಚಾವಡಿಯಲ್ಲಿ ಅವನು ತನ್ನ ರೊಟ್ಟಿಯ ಗಂಟು ತೆಗೆದುಕೊಂಡು ಬೇರೆ ಮೂಲೆಗೆ ಹೋಗುತ್ತಿದ್ದ. ಅದು ನ್ಯಾಯವೇ ಆಗಿತ್ತು. ಮೂರನೆಯ ದಿನ ಮಧ್ಯಾಹ್ನ ದ್ವೀಪದಲ್ಲಿ ಅಳತೆ ಬರೆದುಕೊಂಡ ಒಂದು ಜೀರ್ಣವಾದ ಪುಸ್ತಕ ತಂದು ನನ್ನ ಹಲಗೆಯ ಮೇಲೆ ಒಗೆದ.

"ಗ್ರೀಕರ ರಂಗಮಂದಿರ. ಗುಡ್ಡದ ಬಂಡೆಗಲ್ಲಿನೊಳಗ ಕಡದದ್ದು. ಅರ್ಧ ಅಳದಿದ್ನಿ, ಅಷ್ಟರಾಗ ಲಾರಿ ಹತ್ತಿಸಿದ್ರು. ನಕಾಶಿ ತಗದಿಲ್ಲ. ಕೈ ನಿಂದು ಚಲೋ ಐತಿ. ತಗಿ."

ನಾನು ಕಾಗದ ಹಾಸಿದೆ. ಅವನು ಬಲಗಿವಿ ನನ್ನ ಕಡೆ ಬರುವಂತೆ ಕುಳಿತ. ಅವನು ಅಂಕಿ ಓದಿದ, ನಾನು ಎಳೆದೆ. ಒಂದೊಂದೇ ಮೆಟ್ಟಿಲು, ಕಮಾನಿನಂತೆ ಬಾಗಿ, ಗುಡ್ಡದ ಮೇಲೇರಿತು. ತುದಿಯ ಮೆಟ್ಟಿಲಿಗೆ ಬಂದಾಗ ಕೇಳಿದೆ, "ಇಲ್ಲಿ ಕುಂತ್ರ ಏನ ಕಾಣತೈತಿ?"

"ಕಡಲ" ಎಂದ. ಆಮೇಲೆ, "ದ್ವೀಪದ ಊರು ಪೂರಾ ಕಾಣತೈತಿ. ಮನಿಗಳ ಮ್ಯಾಲ ಆ ಚರ್ಚು."

ನನ್ನ ಹೊಟ್ಟೆಯಲ್ಲಿ ಆ ಹಳೆಯ ಉರಿ ಮತ್ತೆ ಎದ್ದಿತು. ಅದು ಹೋಗುವಂಥದಲ್ಲ, ಕಿರಿಯರಿಗೆ ಇಷ್ಟು ಮಾತ್ರ ಹೇಳಬಲ್ಲೆ. ಅದು ಇದ್ದಾಗಲೂ ಗೆರೆ ಎಲ್ಲಿ ಬೀಳಬೇಕೋ ಅಲ್ಲೇ ಎಳೆಯಬೇಕು.

ಅರ್ಧಕ್ಕೆ ಪುಸ್ತಕದ ಅಂಕಿಗಳು ಮುಗಿದವು. ಉಳಿದರ್ಧವೂ ಹೀಗೇ ಇರಬೇಕೆಂದು ಯಾರಿಗಾದರೂ ಗೊತ್ತಾಗುವಂತಿತ್ತು. ಎಳೆದುಬಿಟ್ಟರೆ ನಕ್ಷೆ ಪೂರ್ತಿ, ನೋಡಲೂ ಚೆಂದ. ನಾನು ಅವನ ಮುಖ ನೋಡಿದೆ. ಅಳೆಯದ ಭಾಗವನ್ನು ಚುಕ್ಕೆಗೆರೆಯಲ್ಲಿ ತೋರಿಸುವುದು ನಮ್ಮ ಕಸುಬಿನ ಪದ್ಧತಿ. ನಾನು ನಿಬ್ಬು ಬದಲಿಸಿ, ಉಳಿದ ಅರ್ಧಕ್ಕೆ ಚುಕ್ಕೆ ಇಡುತ್ತ ಹೋದೆ. ಸಂಜೆಯಾಯಿತು. ಅಷ್ಟು ಹೊತ್ತೂ ಅವನು ಏಳಲಿಲ್ಲ.

ಮುಗಿದ ಮೇಲೆ ಕೆಳಗೆ 'ಅಳೆದವರು: ಫಕ್ಕೀರಪ್ಪ' ಎಂದು ಬರೆದೆ. ಕೈ ಬಿಗಿಯಲಿಲ್ಲ ಎಂದರೆ ಸುಳ್ಳಾದೀತು. ಅವನು ಲೇಖನಿ ಇಸಿದುಕೊಂಡು, ತನ್ನ ದಪ್ಪ ಅಕ್ಷರದಲ್ಲಿ, ಪಕ್ಕಕ್ಕೆ ನನ್ನ ಹೆಸರು ಬರೆದ. ಆ ನಕ್ಷೆ ಕಚೇರಿಯ ಕಪಾಟಿನಲ್ಲಿ ಈಗಲೂ ಇರಬೇಕು. ಕಂಡವರು ಗಮನಿಸಿರಿ: ಅದರಲ್ಲಿ ತುಂಬುಗೆರೆಯೆಲ್ಲ ಅವನದು, ಚುಕ್ಕೆಗೆರೆ ನನ್ನದು.